ಗಿರಣಿ ಮನೆಯೊಳಗೆ ಬಂದಾಗ

ಲೋಕಾಪುರದಿಂದ ಮುಧೋಳ, ಮಹಾಲಿಂಗಪುರಗಳ ಮೇಲೆ ಹಾಯ್ದು ರಬಕವಿ-ಬನಹಟ್ಟಿಗೆ ಹೋಗುವ ರಸ್ತೆ ಬಹಳ ಉದ್ದದ್ದೇನಲ್ಲ. ಆದರೆ ಆ ಒಂದೇ ದಾರಿಯಲ್ಲಿ ಕೈಗಾರಿಕಾ ಯುಗದ ಮೂರು ರೂಪಗಳು ಸಾಲಾಗಿ ಕಾಣಸಿಗುತ್ತವೆ. ಲೋಕಾಪುರದ ಸುತ್ತಲಿನ ನೆಲದಲ್ಲಿ ಸುಣ್ಣಕಲ್ಲು ಹೇರಳ. ಕಲಾದಗಿ ಶಿಲಾಸಮೂಹದ ಒಂದು ಭಾಗಕ್ಕೆ ಭೂವಿಜ್ಞಾನಿಗಳು ಈ ಊರಿನ ಹೆಸರನ್ನೇ ಇಟ್ಟು 'ಲೋಕಾಪುರ ಉಪಗುಂಪು' ಎಂದು ಕರೆಯುತ್ತಾರೆ. ಈ ಕಲ್ಲನ್ನು ನಂಬಿಯೇ ಮುದ್ದಾಪುರದಲ್ಲಿ 2009ರಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆ ಆರಂಭವಾಯಿತು. ಮುಂದೆ ಮುಧೋಳದ ಸೀಮೆಯಲ್ಲಿ ಘಟಪ್ರಭೆಯ ಕಾಲುವೆ ನೀರು, ಕಬ್ಬಿನ ಹೊಲಗಳು, ಸಕ್ಕರೆ ಕಾರ್ಖಾನೆಗಳ ಚಿಮಣಿಗಳು. ಅದನ್ನೂ ದಾಟಿ ರಬಕವಿ-ಬನಹಟ್ಟಿಯ ಓಣಿಗಳನ್ನು ಹೊಕ್ಕರೆ, ಕಣ್ಣಿಗೆ ಏನಾದರೂ ಕಾಣುವ ಮೊದಲೇ ಕಿವಿಗೆ ವಿದ್ಯುತ್ ಮಗ್ಗದ ಖಟಖಟ ಸದ್ದು ಬೀಳುತ್ತದೆ.

ಮೊದಲಿನ ಎರಡನ್ನು ನಾವು ನೋಡಿದ ಕೂಡಲೇ ಕಾರ್ಖಾನೆ ಎಂದು ಗುರುತಿಸುತ್ತೇವೆ. ಅವಕ್ಕೆ ಗೇಟು ಉಂಟು, ಕಾವಲುಗಾರ ಉಂಟು, ಹಾಜರಿ ಪುಸ್ತಕ ಉಂಟು. ಮೂರನೆಯದಕ್ಕೆ ಇವು ಯಾವುವೂ ಇಲ್ಲ. ಪಡಸಾಲೆಯಲ್ಲಿ ಎರಡು ಮಗ್ಗ, ಒಳಗೆ ಅಡಿಗೆಮನೆ, ಪಕ್ಕದಲ್ಲಿ ದೇವರ ಜಗುಲಿ. ಇಲ್ಲಿ ಕಾರ್ಖಾನೆ ಯಾವುದು, ಮನೆ ಯಾವುದು? ಯಂತ್ರಯುಗವು ಮನುಷ್ಯನ ದುಡಿಮೆಯನ್ನೂ ದಿನಚರಿಯನ್ನೂ ಹೇಗೆ ಬದಲಿಸಿತು ಎಂಬುದನ್ನು ತಿಳಿಯಲು ಈ ಪ್ರಶ್ನೆ ಒಳ್ಳೆಯ ದಾರಿದೀಪ. ಸಾಮಾನ್ಯವಾಗಿ ಪುಸ್ತಕಗಳಲ್ಲಿ ಹೇಳುವ ಕಥೆ ಇಂಗ್ಲೆಂಡಿನದು ಅಥವಾ ಅಮೆರಿಕದ್ದು: ಯಂತ್ರ ಬಂತು, ಜನ ಹಳ್ಳಿ ಬಿಟ್ಟು ಗಿರಣಿಗೆ ಹೋದರು. ನಮ್ಮ ಈ ಸೀಮೆಯಲ್ಲಿ ಕಥೆಯ ಅರ್ಧ ಭಾಗ ಹಾಗೆಯೇ ನಡೆಯಿತು. ಇನ್ನರ್ಧ ತಿರುಗುಮುರುಗಾಗಿ ನಡೆಯಿತು. ಜನ ಗಿರಣಿಗೆ ಹೋಗಲಿಲ್ಲ, ಗಿರಣಿಯೇ ಮನೆಗೆ ಬಂತು.

ಹೊತ್ತು ಹೋಗಿ ಗಂಟೆ ಬಂತು

ಯಂತ್ರ ಬರುವುದಕ್ಕೆ ಮೊದಲು ಕೆಲಸಕ್ಕೆ ಅಳತೆಯೇ ಇರಲಿಲ್ಲ ಎಂದು ತಿಳಿಯಬಾರದು. ಅಳತೆ ಇತ್ತು, ಆದರೆ ಅದು ಗಡಿಯಾರದ್ದಲ್ಲ. ಕೋಳಿ ಕೂಗುವ ಹೊತ್ತು, ದನ ಬಿಡುವ ಹೊತ್ತು, ಬುತ್ತಿಯ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ನಮ್ಮ ಹಿರಿಯರು ದಿನವನ್ನು ಕೆಲಸದಿಂದಲೇ ಅಳೆಯುತ್ತಿದ್ದರು. ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡಬಾರದು ಎಂಬ ಕಟ್ಟಳೆ ಇತ್ತು. ನೇಕಾರರ ಊರುಗಳಲ್ಲಿ ಅಮಾವಾಸ್ಯೆಯ ದಿನ ಮಗ್ಗ ನಿಲ್ಲಿಸುವ ರೂಢಿ ಇತ್ತು. ದುಡಿಮೆ ಬಹಳ ಇತ್ತು, ಬಡತನವೂ ಇತ್ತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನ ಬೆನ್ನು ನೋಯದೆ ಇರುತ್ತಿರಲಿಲ್ಲ. ಆದರೆ ಯಾವಾಗ ಏಳಬೇಕು, ಯಾವಾಗ ಲಾಳಿ ಕೆಳಗಿಟ್ಟು ನೆಂಟರನ್ನು ಮಾತಾಡಿಸಬೇಕು ಎಂಬುದು ಬಹುಮಟ್ಟಿಗೆ ಅವನ ಕೈಯಲ್ಲೇ ಇತ್ತು.

ಜೇಡರ ದಾಸಿಮಯ್ಯನ ಕಾಲದಿಂದ ನೇಯ್ಗೆ ನಮ್ಮಲ್ಲಿ ಬರೀ ಹೊಟ್ಟೆಪಾಡಲ್ಲ. ಮುಂದೆ ಹನ್ನೆರಡನೆಯ ಶತಮಾನದ ಶರಣರು ಇಂತಹ ದುಡಿಮೆಗೆಲ್ಲ 'ಕಾಯಕ' ಎಂಬ ಗೌರವದ ಹೆಸರು ಕೊಟ್ಟರು. ಕಾಯಕದಲ್ಲಿ ಮಾಡುವವನಿಗೂ ಮಾಡಿದ ವಸ್ತುವಿಗೂ ನೇರ ಸಂಬಂಧ ಇರುತ್ತದೆ. ಯಂತ್ರಯುಗದ ಮೊದಲ ಪೆಟ್ಟು ಬಿದ್ದದ್ದು ಈ ಸಂಬಂಧಕ್ಕೆ. ಗಿರಣಿಯಲ್ಲಿ ಮಾಲೀಕ ಕೊಳ್ಳುವುದು ಬಟ್ಟೆಯನ್ನಲ್ಲ, ಕೆಲಸಗಾರನ ತಾಸುಗಳನ್ನು. ಒಮ್ಮೆ ತಾಸು ಮಾರಾಟದ ವಸ್ತುವಾದ ಮೇಲೆ ಅದನ್ನು ಅಳೆಯಲು ಗಡಿಯಾರ ಬೇಕು, ಸಾರಲು ಗಂಟೆ ಬೇಕು, ತಪ್ಪಿದವನಿಗೆ ದಂಡ ಹಾಕಲು ಮೇಸ್ತ್ರಿ ಬೇಕು. ಉತ್ತರ ಕರ್ನಾಟಕದ ಗಿರಣಿ ಊರುಗಳಲ್ಲಿ 'ಭೋಂಗಾ' ಎಂಬ ಶಬ್ದ ಮನೆಮಾತಾದದ್ದು ಹೀಗೆ. ಕಾಯಕ ಹೋಗಿ ಕೂಲಿಯಾಯಿತು, ಹೊತ್ತು ಹೋಗಿ ಪಾಳಿಯಾಯಿತು.

ಗಡಿಯಾರದ ಈ ಆಳ್ವಿಕೆಗೆ ರೈಲು ಜೊತೆಗೂಡಿತು. ಅಮೆರಿಕದಲ್ಲಿ ಒಂದೊಂದು ಊರಿಗೆ ಒಂದೊಂದು ಸ್ಥಳೀಯ ಸಮಯವಿತ್ತು. ಗಾಡಿಗಳ ವೇಳಾಪಟ್ಟಿ ಹೊಂದಿಸಲಾರದೆ ಅಲ್ಲಿನ ರೈಲ್ವೆ ಕಂಪನಿಗಳು 1883ರ ನವೆಂಬರ್ 18ರಂದು ದೇಶವನ್ನು ಕೆಲವೇ ಸಮಯ ವಲಯಗಳಾಗಿ ಹಂಚಿಬಿಟ್ಟವು. ಮರುವರ್ಷವೇ, ಅಂದರೆ 1884ರಲ್ಲಿ, ನಮ್ಮಲ್ಲಿ ಹೋಟಗಿ-ಗದಗ ರೈಲು ಮಾರ್ಗ ತೆರೆದು ಬಾಗಲಕೋಟೆಗೂ ಗಾಡಿ ಬಂತು. ಇಡೀ ದೇಶಕ್ಕೆ ಒಂದೇ ಸಮಯ ಎಂಬ ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರಲ್ಲಿ. ಮುಂಬಯಿ ನಗರ ತನ್ನದೇ ಸಮಯವನ್ನು ಬಿಡಲೊಪ್ಪದೆ 1955ರ ವರೆಗೂ ಹಟ ಹಿಡಿದಿತ್ತು.

ಎರಡು ಜಲಪಾತಗಳು

ಅಮೆರಿಕದ ಕೈಗಾರಿಕೆಯ ಕಥೆ ಹೇಳುವವರೆಲ್ಲ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಎಂಬ ಊರಿನಲ್ಲಿ ನಿಲ್ಲುತ್ತಾರೆ. ಮೆರಿಮ್ಯಾಕ್ ನದಿ ಅಲ್ಲಿ ಸುಮಾರು 10 ಮೀಟರ್ ಧುಮುಕುತ್ತದೆ. ಆ ನೀರಿನ ಬಲದಿಂದ 1820ರ ದಶಕದಲ್ಲಿ ಸಾಲುಸಾಲು ಹತ್ತಿ ಗಿರಣಿಗಳು ಎದ್ದವು. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ವರ್ತಕ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಯಂತ್ರಮಗ್ಗಗಳನ್ನು ಕಣ್ಣಿನಲ್ಲೇ ಅಳೆದು ನೆನಪಿನಲ್ಲಿಟ್ಟುಕೊಂಡು ಬಂದು, 1814ರಲ್ಲಿ ವಾಲ್ಥಮ್‌ನಲ್ಲಿ ನೂಲುವುದನ್ನೂ ನೇಯುವುದನ್ನೂ ಒಂದೇ ಸೂರಿನಡಿ ತಂದಿದ್ದ. ಅವನು ತೀರಿಕೊಂಡ ಮೇಲೆ ಹುಟ್ಟಿದ ಊರಿಗೆ ಅವನ ಹೆಸರೇ ಬಂತು.

ಲೋವೆಲ್ ಗಿರಣಿಗಳ ವಿಶೇಷವೆಂದರೆ ಕೆಲಸಗಾರರಲ್ಲಿ ಬಹುಪಾಲು ಸುತ್ತಲಿನ ಹಳ್ಳಿಗಳ ರೈತರ ಹೆಣ್ಣುಮಕ್ಕಳು. ಕಂಪನಿಯ ವಸತಿಗೃಹದಲ್ಲಿ ಇರಬೇಕು, ಬೆಳಗಿನ ಜಾವದ ಗಂಟೆಗೆ ಏಳಬೇಕು, ವಾರಕ್ಕೆ ಸರಾಸರಿ 73 ತಾಸು ದುಡಿಯಬೇಕು. ಇದರಲ್ಲಿ ನೋವೂ ಇತ್ತು, ಬಿಡುಗಡೆಯೂ ಇತ್ತು. ಮೊದಲ ಬಾರಿಗೆ ಅವರ ಕೈಗೆ ಸ್ವಂತ ದುಡ್ಡು ಬಂತು. ಸಂಜೆ ಪುಸ್ತಕ ಓದಿದರು, 'ಲೋವೆಲ್ ಆಫರಿಂಗ್' ಎಂಬ ಪತ್ರಿಕೆಗೆ ತಾವೇ ಬರೆದರು. 1834ರಲ್ಲಿ ಕೂಲಿ ಕಡಿತವಾದಾಗ ಇದೇ ಹುಡುಗಿಯರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. 1836ರಲ್ಲಿ ಮತ್ತೆ ಬಂದರು. 1845ರ ಹೊತ್ತಿಗೆ ಸಾರಾ ಬ್ಯಾಗ್ಲಿ ಎಂಬಾಕೆಯ ಮುಂದಾಳತ್ವದಲ್ಲಿ ಸಂಘ ಕಟ್ಟಿ, ದಿನಕ್ಕೆ ಹತ್ತೇ ತಾಸಿನ ಕೆಲಸ ಬೇಕೆಂದು ಶಾಸನಸಭೆಗೆ ಮನವಿ ಸಲ್ಲಿಸಿದರು. ಮ್ಯಾಸಚೂಸೆಟ್ಸ್ ರಾಜ್ಯ ಆ ಕಾನೂನು ಮಾಡಲು 1874ರ ವರೆಗೆ ಕಾಯಿತು ಎಂಬುದು ಬೇರೆ ಮಾತು. ಒಂದೇ ಅಂಗಳದಲ್ಲಿ ನೂರಾರು ಜನ ಒಂದೇ ಗಂಟೆಗೆ ಸೇರುವುದರಿಂದಲೇ ಅವರು ಒಂದೇ ಮಾತು ಆಡಲು ಸಾಧ್ಯವಾಯಿತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಈಗ ನಮ್ಮ ಘಟಪ್ರಭೆಗೆ ಬರೋಣ. ಗೋಕಾಕದ ಬಳಿ ಈ ನದಿ ಸುಮಾರು 52 ಮೀಟರ್ ಎತ್ತರದಿಂದ ಬೀಳುತ್ತದೆ. ಆ ನೀರಿನ ಬಲವನ್ನೇ ನೆಚ್ಚಿ 1885ರಲ್ಲಿ ಗೋಕಾಕ ಗಿರಣಿಯ ಕಂಪನಿ ಸ್ಥಾಪನೆಯಾಗಿ, 1887ರಲ್ಲಿ ನೂಲು ತೆಗೆಯಲು ಆರಂಭಿಸಿತು. ಜಲಪಾತ, ಅದರ ನೆತ್ತಿಯ ಮೇಲೆ ಗಿರಣಿ, ಗಿರಣಿಯ ಸುತ್ತ ಕೆಲಸಗಾರರ ವಸತಿ. ಲೋವೆಲ್ ಮತ್ತು ಗೋಕಾಕ ಫಾಲ್ಸ್ ಎರಡೂ ಒಂದೇ ಬಗೆಯ ಊರುಗಳು. ಎರಡೂ ಕಡೆ ನೀರು ಬೀಳುವ ಜಾಗ ಹುಡುಕಿ ಬಂಡವಾಳ ಬಂತು, ಬಂಡವಾಳ ಹುಡುಕಿ ಜನ ಬಂದರು.

ಇವೆರಡರ ನಡುವೆ ಇನ್ನೂ ಹಳೆಯ ನಂಟೊಂದಿದೆ. ಲೋವೆಲ್ ಗಿರಣಿಗಳಲ್ಲಿ ನೂತ ಹತ್ತಿ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆದದ್ದು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಆ ಹತ್ತಿ ಇಂಗ್ಲೆಂಡಿಗೆ ಬರದಾದಾಗ ಭಾರತದ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ತಂದು ಬೆಳೆಸಿದ್ದ ಹತ್ತಿಯೂ ನಮ್ಮ ನಾಡಹತ್ತಿಯೂ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು. ಯುದ್ಧ ಮುಗಿದ ಕೂಡಲೇ ಬೆಲೆ ಕುಸಿಯಿತು. ಎಲ್ಲೋ ದೂರದ ದೇಶದ ಜಗಳ ನಮ್ಮ ಎರಿಹೊಲದ ರೈತನ ಪಾಲಿಗೆ ಸುಗ್ಗಿಯನ್ನೂ ಸಾಲವನ್ನೂ ತರಬಲ್ಲದು ಎಂಬ ಪಾಠವನ್ನು ಈ ಸೀಮೆ ಆಗಲೇ ಕಲಿತಿತ್ತು.

ನೂಲು ಮೊದಲು, ನೇಯ್ಗೆ ಆಮೇಲೆ

ಯಂತ್ರ ಒಂದೇ ಬಾರಿಗೆ ಬರುವುದಿಲ್ಲ. ಬಟ್ಟೆಯ ಕೆಲಸದಲ್ಲಿ ಅದು ಮೊದಲು ಹಿಡಿದದ್ದು ನೂಲುವುದನ್ನು. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ 1790ರಲ್ಲಿ ರೋಡ್ ಐಲೆಂಡ್‌ನಲ್ಲಿ ಗಿರಣಿ ಆರಂಭಿಸಿದಾಗ ಅಲ್ಲಿ ನೂಲು ಮಾತ್ರ ತಯಾರಾಗುತ್ತಿತ್ತು. ಆ ನೂಲನ್ನು ಸುತ್ತಲಿನ ಮನೆಗಳಿಗೆ ಹಂಚಿ ಕೈಮಗ್ಗದಲ್ಲಿ ನೇಯಿಸುತ್ತಿದ್ದರು. ನೇಯ್ಗೆ ಗಿರಣಿಯ ಒಳಗೆ ಬಂದದ್ದು ಆಮೇಲೆ, ವಾಲ್ಥಮ್‌ನಲ್ಲಿ.

ನಮ್ಮಲ್ಲೂ ಮೊದಲ ಹೆಜ್ಜೆ ಹಾಗೆಯೇ. ಇಂಗ್ಲೆಂಡಿನ ನೂಲು, ಆಮೇಲೆ ಮುಂಬಯಿ, ಸೊಲ್ಲಾಪುರ, ಗೋಕಾಕಗಳಂಥ ಗಿರಣಿಗಳ ನೂಲು ಬಂದು ಹಳ್ಳಿಯ ರಾಟೆಗಳು ಅಟ್ಟ ಸೇರಿದವು. ರಾಟೆ ನಿಂತಾಗ ನಷ್ಟವಾದದ್ದು ಹೆಚ್ಚಾಗಿ ಹೆಂಗಸರಿಗೆ. ಮನೆಯಲ್ಲೇ ಕೂತು ನೂತು ನಾಲ್ಕು ಕಾಸು ನೋಡುತ್ತಿದ್ದ ವಿಧವೆಯರಿಗೆ, ಮುದುಕಿಯರಿಗೆ ಆ ದಾರಿ ಮುಚ್ಚಿತು. ಆದರೆ ನೇಕಾರ ಉಳಿದ. ಗಿರಣಿ ನೂಲು ಅಗ್ಗವಾಗಿ, ಒಂದೇ ಸಮನಾಗಿ ಸಿಕ್ಕಿದ್ದರಿಂದ ಅವನಿಗೆ ಕೆಲವು ಕಾಲ ಅನುಕೂಲವೇ ಆಯಿತು. ಇಳಕಲ್ಲಿನಂತೆ ರಬಕವಿ, ಬನಹಟ್ಟಿಗಳಲ್ಲೂ ಸೀರೆಯ ಮಗ್ಗಗಳು ನಡೆದೇ ಇದ್ದವು. ಆಗ ರಬಕವಿ ಸಾಂಗಲಿ ಸಂಸ್ಥಾನದಲ್ಲಿತ್ತು, ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿತ್ತು. ಒಂದಕ್ಕೊಂದು ಅಂಟಿಕೊಂಡ ಎರಡು ಊರುಗಳ ನಡುವೆ ರಾಜ್ಯದ ಗಡಿ ಇದ್ದರೂ ಹಾಸು ಹೊಕ್ಕಿನ ವ್ಯವಹಾರಕ್ಕೆ ಗಡಿ ಇರಲಿಲ್ಲ.

ಇಲ್ಲಿಂದ ಮುಂದೆ ನಮ್ಮ ದಾರಿ ಅಮೆರಿಕದ ದಾರಿಯಿಂದ ಅಗಲುತ್ತದೆ. ಅಲ್ಲಿ ಮಗ್ಗಗಳು ಮನೆಯಿಂದ ಎದ್ದು ಗಿರಣಿಗೆ ಹೋದವು. ಇಲ್ಲಿ ಗಿರಣಿಯ ಮಗ್ಗಗಳು ಮನೆಗೆ ಬಂದವು.

ಪಡಸಾಲೆಗೆ ಕರೆಂಟು

ಕೃಷ್ಣೆಯ ಮೇಲ್ದಂಡೆಯ ಸೀಮೆಯಲ್ಲಿ ಇದಕ್ಕೆ ದಾರಿ ತೋರಿಸಿದ್ದು ಇಚಲಕರಂಜಿ. ಅಲ್ಲಿನ ಸಂಸ್ಥಾನಿಕರ ಪ್ರೋತ್ಸಾಹದಿಂದ ವಿಠ್ಠಲರಾವ್ ದಾತಾರ್ ಎಂಬುವರು 1904ರಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಗಿರಣಿ ಕಟ್ಟಲು ಲಕ್ಷಗಟ್ಟಲೆ ಬಂಡವಾಳ ಬೇಕು, ಒಂದೆರಡು ಮಗ್ಗಕ್ಕೆ ಅಷ್ಟು ಬೇಡ ಎಂಬುದು ಜನರಿಗೆ ತಿಳಿಯಿತು. ವಿದ್ಯುತ್ತು ಊರೂರಿಗೆ ಬಂದಂತೆ ಸಣ್ಣ ಮೋಟರು ಕೂಡಿಸಿದ ಮಗ್ಗ ಸಾಮಾನ್ಯ ನೇಕಾರನ ಎಟುಕಿಗೂ ಬಂತು. ಹಳೆಯ ಗಿರಣಿಗಳು ಮಾರಿದ ಮಗ್ಗಗಳನ್ನು ಕೊಂಡು ತಂದು, ರಿಪೇರಿ ಮಾಡಿ ಓಡಿಸುವುದು ಪಶ್ಚಿಮ ಭಾರತದ ಮಗ್ಗದ ಊರುಗಳಲ್ಲೆಲ್ಲ ನಡೆಯಿತು.

1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರು ಹೂಡಿದ ಮುಷ್ಕರ ವರ್ಷಕ್ಕೂ ಮಿಕ್ಕಿ ಎಳೆಯಿತು. ಅನೇಕ ಗಿರಣಿಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಅವು ನೇಯುತ್ತಿದ್ದ ಬಟ್ಟೆಯ ದೊಡ್ಡ ಪಾಲು ವಿದ್ಯುತ್ ಮಗ್ಗಗಳಿಗೆ ಬಂತು. ಸಂಘಟಿತ ಕಾರ್ಮಿಕರ ಕೈಯಿಂದ ಜಾರಿದ ಕೆಲಸ, ಸಂಘವಿಲ್ಲದ ಮನೆಗಳಲ್ಲಿ ಹೀಗೆ ಹಂಚಿಹೋಯಿತು. ಕೈಮಗ್ಗವನ್ನು ಕಾಪಾಡಲೆಂದು 1985ರಲ್ಲಿ ಕೇಂದ್ರ ಸರ್ಕಾರ ಸೀರೆ, ಧೋತರ ಮುಂತಾದ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಮಾಡಿತು. ನ್ಯಾಯಾಲಯದ ತಕರಾರು ಮುಗಿದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯುವ ಹೊತ್ತಿಗೆ 1993 ಬಂದಿತ್ತು. 1996ರಲ್ಲಿ ಆ ಪಟ್ಟಿ 11ಕ್ಕೆ ಇಳಿಯಿತು. ಅಷ್ಟರಲ್ಲಿ ಸೀರೆಯ ಪೇಟೆಯಲ್ಲಿ ವಿದ್ಯುತ್ ಮಗ್ಗ ಭದ್ರವಾಗಿ ಕೂತಾಗಿತ್ತು.

ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಬಂದವನ ದಿನ ಹೇಗೆ ಬದಲಾಯಿತು? ಕೈಮಗ್ಗದಲ್ಲಿ ನೇಕಾರನ ಕೈಕಾಲು ಓಡಿದಷ್ಟು ಮಗ್ಗ ಓಡುತ್ತದೆ. ಅವನು ನಿಂತರೆ ಅದೂ ನಿಲ್ಲುತ್ತದೆ. ವಿದ್ಯುತ್ ಮಗ್ಗದಲ್ಲಿ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ. ಮನುಷ್ಯನ ಕೆಲಸ ಈಗ ನೇಯುವುದಲ್ಲ, ಕಾಯುವುದು. ಎಳೆ ಕಡಿದರೆ ಕಟ್ಟಬೇಕು, ಕಂಡಿಕೆ ತೀರಿದರೆ ಬದಲಿಸಬೇಕು. ಒಬ್ಬನೇ ಎರಡು, ಮೂರು, ನಾಲ್ಕು ಮಗ್ಗಗಳ ನಡುವೆ ಓಡಾಡಬೇಕು. ಕಾಲು ಇಳಿಬಿಟ್ಟು ಕೂರುತ್ತಿದ್ದವನು ಹನ್ನೆರಡು ತಾಸು ನಿಲ್ಲುವವನಾದ. ಮೈ ಬೆವರುವ ಶ್ರಮ ಕಡಿಮೆಯಾಯಿತು, ಕಣ್ಣು ಮಿಟುಕಿಸದ ಶ್ರಮ ಹೆಚ್ಚಾಯಿತು.

ಮನೆಯ ಒಳಗೂ ಬದಲಾವಣೆ ಬಂತು. ಮಗ್ಗದ ಕೋಣೆಯ ಸದ್ದು 90 ಡೆಸಿಬೆಲ್ ಮೀರುತ್ತದೆ. ಅಂಥ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮಂದವಾಗುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಹಿಂದೆ ಮಗ್ಗದ ಮುಂದೆ ಕೂತು ಹಾಡು ಹೇಳುತ್ತ, ಸುಖದುಃಖ ಮಾತಾಡುತ್ತ ನೇಯುವುದಿತ್ತು. ಈಗ ಸನ್ನೆಯಲ್ಲೇ ಮಾತು. ಹತ್ತಿಯ ಧೂಳು ಉಸಿರಿಗೆ, ಅಡಿಗೆಗೆ, ಹಾಸಿಗೆಗೆ ಬಂತು. ಕರೆಂಟು ರಾತ್ರಿ ಬಂದರೆ ರಾತ್ರಿಯೇ ಹಗಲಾಯಿತು. ವಿದ್ಯುತ್ ಕಡಿತದ ವರ್ಷಗಳಲ್ಲಿ ಮಗ್ಗದ ಮನೆಯ ನಿದ್ದೆ, ಊಟ, ಮಕ್ಕಳ ಓದು ಎಲ್ಲವೂ ಲೈನಿನ ಮೇಲೆ ನಿಂತವು. ಲೋವೆಲ್ ಹುಡುಗಿಗೆ ಗಂಟೆ ಹೊಡೆದ ಮೇಲೆ ಗಿರಣಿಯಿಂದ ಹೊರಬರುವ ಬಾಗಿಲು ಇತ್ತು. ಗಿರಣಿಯಲ್ಲೇ ಮಲಗುವವನಿಗೆ ಅಂಥ ಬಾಗಿಲು ಎಲ್ಲಿಯದು?

ಮಾಲೀಕನೋ, ಕೂಲಿಯೋ?

ಹೊರಗಿನವರು ಒಂದು ಮಾತು ಕೇಳಬಹುದು: ಮಗ್ಗ ಅವನದೇ, ಮನೆ ಅವನದೇ, ಮೇಸ್ತ್ರಿಯ ಕಾಟವಿಲ್ಲ, ಇನ್ನೇನು ಕಷ್ಟ? ಈ ಪ್ರಶ್ನೆಗೆ ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಬಹಳಷ್ಟು ಮನೆಗಳಲ್ಲಿ ನೂಲು ಕೊಡುವವನು ವ್ಯಾಪಾರಿ. ಯಾವ ಬಣ್ಣ, ಯಾವ ಅಂಚು, ಎಷ್ಟು ಸೀರೆ ಎಂದು ಹೇಳುವವನೂ ಅವನೇ. ನೇಯ್ದು ಕೊಟ್ಟ ಸೀರೆಗೆ ಇಷ್ಟು ಎಂದು ಮಜೂರಿ ಸಿಗುತ್ತದೆ. ಮಗ್ಗ ಕೆಟ್ಟರೆ ಖರ್ಚು ನೇಕಾರನದು, ಕರೆಂಟು ಬಿಲ್ಲು ನೇಕಾರನದು, ಜಾಗದ ಬಾಡಿಗೆಯಂತೂ ಲೆಕ್ಕಕ್ಕೇ ಬರುವುದಿಲ್ಲ. ಪೇಟೆ ಬಿದ್ದಾಗ ವ್ಯಾಪಾರಿ ನೂಲು ಕೊಡುವುದನ್ನು ನಿಲ್ಲಿಸಿದರೆ ಸಾಕು. ಅದಕ್ಕೆ ನೋಟಿಸು ಬೇಡ, ಪರಿಹಾರ ಬೇಡ.

ಗಿರಣಿಯ ಮಾಲೀಕ ಕಟ್ಟಡ, ಯಂತ್ರ, ವಿದ್ಯುತ್ತು, ನಷ್ಟ ಎಲ್ಲವನ್ನೂ ಹೊರಬೇಕಾಗಿತ್ತು. ಈ ಪದ್ಧತಿಯಲ್ಲಿ ಆ ಭಾರವೆಲ್ಲ ಕೆಲಸ ಮಾಡುವವನ ಹೆಗಲಿಗೆ ಸರಿಯಿತು. ಹೆಸರಿಗೆ ಮಾಲೀಕ, ನಡವಳಿಕೆಯಲ್ಲಿ ಕೂಲಿ. ಇನ್ನು ಇಂಥ ಮನೆಯ ಹೆಣ್ಣುಮಗಳು ಹೆಸರಿಗೂ ಇಲ್ಲ. ಕಂಡಿಕೆ ಸುತ್ತುವವಳು, ಎಳೆ ಕೂಡಿಸುವವಳು, ಗಂಡ ಊಟಕ್ಕೆ ಕೂತಾಗ ಮಗ್ಗ ನೋಡಿಕೊಳ್ಳುವವಳು ಅವಳೇ. ಆದರೆ ಒಂದು ಸೀರೆಗೆ ಒಂದೇ ಮಜೂರಿ, ಅದು ಮನೆಯ ಯಜಮಾನನ ಹೆಸರಿಗೆ. ಲೋವೆಲ್ಲಿನ ಹುಡುಗಿಗೆ ಗಿರಣಿ ಕೊಟ್ಟ ಒಂದೇ ಒಂದು ವರ ಕೈಗೆ ಬರುವ ಸ್ವಂತ ಪಗಾರ. ಆ ವರ ಇಲ್ಲಿ ಹೊಸ್ತಿಲಲ್ಲೇ ಉಳಿಯಿತು.

ಕಬ್ಬಿನ ಗಡಿಯಾರ

ಇದು ನೇಯ್ಗೆಯೊಂದರ ಕಥೆಯಲ್ಲ. ಕಾರ್ಖಾನೆಯ ಗಡಿಯಾರ ಅದರ ಗೋಡೆ ದಾಟಿ ಹೇಗೆ ಹೊರಗಿನವರನ್ನು ಆಳುತ್ತದೆ ಎಂಬುದನ್ನು ನೋಡಲು ಅದೇ ರಸ್ತೆಯ ಕಬ್ಬಿನ ಹೊಲಗಳಲ್ಲಿ ನಿಲ್ಲಬಹುದು. ಘಟಪ್ರಭಾ ಎಡದಂಡೆ ಕಾಲುವೆಯ ನೀರು, ವಿಶೇಷವಾಗಿ ಹಿಡಕಲ್ ಅಣೆಕಟ್ಟೆಯ ನಂತರ, ಮುಧೋಳ-ಜಮಖಂಡಿ ಸೀಮೆಯನ್ನು ಕಬ್ಬಿನ ನಾಡಾಗಿಸಿತು. ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರುವಾಸಿ. ಗಾಣದ ಕಾಲದಲ್ಲಿ ರೈತ ತನ್ನ ಕಬ್ಬನ್ನು ತನಗೆ ಅನುಕೂಲವಾದಾಗ ಕಡಿದು, ಆರಿಗಾಳುಗಳ ನೆರವಿನಿಂದ ಬೆಲ್ಲ ಮಾಡುತ್ತಿದ್ದ. ಗಾಣಕ್ಕೆ ಬಂದವರಿಗೆ ಹಾಲು, ಬಿಸಿಬೆಲ್ಲ ಕೊಡದೆ ಕಳಿಸುವ ಪದ್ಧತಿ ಇರಲಿಲ್ಲ.

ಸಮೀರವಾಡಿಯಲ್ಲಿ 1970ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಬಂದು, ಮುಂದೆ ಒಂದರ ಹಿಂದೆ ಒಂದು ಕಾರ್ಖಾನೆಗಳು ಸೇರಿಕೊಂಡ ಮೇಲೆ ಲೆಕ್ಕ ಬದಲಾಯಿತು. ಕಾರ್ಖಾನೆ ಒಮ್ಮೆ ಅರೆಯಲು ಆರಂಭಿಸಿದರೆ ಹಗಲು ರಾತ್ರಿ ನಿಲ್ಲದು. ಕಡಿದ ಕಬ್ಬು ಒಣಗಿದಷ್ಟೂ ತೂಕವೂ ಸಕ್ಕರೆಯೂ ಇಳಿಯುತ್ತವೆ. ಆದ್ದರಿಂದ ಯಾವ ಹೊಲ ಯಾವಾಗ ಕಡಿಯಬೇಕು ಎಂಬುದು ಕಾರ್ಖಾನೆಯ ಸರದಿಯ ಮೇಲೆ ನಿಲ್ಲುತ್ತದೆ. ದೂರದ ಒಣಸೀಮೆಗಳಿಂದ ಮುಂಗಡ ಪಡೆದು ಬರುವ ಕಬ್ಬು ಕಡಿಯುವ ಗ್ಯಾಂಗುಗಳು ಹೊಲದ ಬದುವಿನಲ್ಲೇ ಗುಡಿಸಲು ಹಾಕಿ ಬೆಳಗಿನ ಜಾವಕ್ಕೇ ಕೆಲಸಕ್ಕೆ ಇಳಿಯುತ್ತವೆ. ಟ್ರ್ಯಾಕ್ಟರಿನವನು ತೂಕದ ಕಾಟೆಯ ಮುಂದೆ ರಾತ್ರಿಯೆಲ್ಲ ಸರದಿ ಕಾಯುತ್ತಾನೆ. ಇವರಲ್ಲಿ ಯಾರ ಹೆಸರೂ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿಲ್ಲ. ಆದರೆ ಎಲ್ಲರ ದಿನವೂ ಅದೇ ಕಾರ್ಖಾನೆಯ ಗಡಿಯಾರಕ್ಕೆ ಕಟ್ಟಿದೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಬೆಲೆಗಾಗಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತದ್ದನ್ನು ಈ ಹಿನ್ನೆಲೆಯಲ್ಲೂ ನೋಡಬೇಕು.

ಹೊಸ್ತಿಲಲ್ಲಿ ನಿಂತ ಕಾನೂನು

ಗಿರಣಿಗಳಲ್ಲಿ ದುಡಿಯುವವರ ಬದುಕು ತಾನಾಗಿ ಸುಧಾರಿಸಲಿಲ್ಲ. ನಮ್ಮ ದೇಶದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಕೂಡಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್ 10ರಂದು ಅಲ್ಲಿನ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54, ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆಯಲ್ಲಿ 48 ಎಂದು ಮಿತಿ ಇಳಿಯುತ್ತ ಬಂತು. ಅಮೆರಿಕದಲ್ಲಿ ಎಂಟು ತಾಸಿನ ದಿನಕ್ಕಾಗಿ 1886ರಲ್ಲಿ ಷಿಕಾಗೋದಲ್ಲಿ ರಕ್ತ ಹರಿಯಿತು. ವಾರಕ್ಕೆ 40 ತಾಸು ಎಂಬ ನಿಯಮಕ್ಕೆ ದಾರಿಯಾದ ಕಾಯ್ದೆ ಬರಲು 1938ರ ವರೆಗೆ ಕಾಯಬೇಕಾಯಿತು.

ಆದರೆ ಈ ಕಾನೂನುಗಳೆಲ್ಲ ಕಾರ್ಖಾನೆಯ ಗೇಟನ್ನು ನೋಡಿ ಮಾಡಿದವು. 1948ರ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಜಾಗದಲ್ಲಿ ಕನಿಷ್ಠ 10 ಕೆಲಸಗಾರರು ಇದ್ದರೆ ಮಾತ್ರ ಅದು ಕಾರ್ಖಾನೆ. ವಿದ್ಯುತ್ ಬಳಸದಿದ್ದರೆ 20 ಜನ ಬೇಕು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯಲ್ಲಿ ಈ ಸಂಖ್ಯೆಗಳು 20 ಮತ್ತು 40ಕ್ಕೆ ಏರಿದವು. ನಾಲ್ಕು ಮಗ್ಗ, ಗಂಡ, ಹೆಂಡತಿ, ಮಗ ಇರುವ ಮನೆ ಹಳೆಯ ಲೆಕ್ಕದಲ್ಲೂ ಕಾರ್ಖಾನೆಯಲ್ಲ, ಹೊಸ ಲೆಕ್ಕದಲ್ಲೂ ಅಲ್ಲ.

ಈ ತೊಡಕು ನಮ್ಮೊಂದೇ ನಾಡಿನದಲ್ಲ. ನ್ಯೂಯಾರ್ಕಿನ ಇಕ್ಕಟ್ಟಾದ ಬಾಡಿಗೆ ಮನೆಗಳಲ್ಲಿ ವಲಸೆ ಬಂದ ಬಡ ಕುಟುಂಬಗಳು ಹೊಗೆಸೊಪ್ಪಿನ ರಾಶಿಯ ನಡುವೆಯೇ ಉಂಡು, ಮಲಗಿ, ಸಿಗಾರ್ ಸುತ್ತುತ್ತಿದ್ದವು. ಇದನ್ನು ನಿಷೇಧಿಸಿ 1884ರಲ್ಲಿ ಆ ರಾಜ್ಯ ಕಾನೂನು ಮಾಡಿತು. ಮುಂದೆ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ಆಗ ಅಲ್ಲಿನ ಶಾಸನಸಭೆಯ ಯುವ ಸದಸ್ಯರು. ಆ ಮನೆಗಳನ್ನು ಕಣ್ಣಾರೆ ಕಂಡ ಮೇಲೆ ಅವರು ಕಾನೂನಿನ ಪರ ನಿಂತಿದ್ದರು. 1885ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮನುಷ್ಯನನ್ನು ಅವನ ಮನೆಯ ಪವಿತ್ರ ವಾತಾವರಣದಿಂದ ಹೊರಗೆಳೆಯುವುದು ಸರಿಯಲ್ಲ ಎಂಬುದು ಅದರ ವಾದದ ಸಾರ. ಮನೆಯ ಗೌರವ ಉಳಿಯಿತು, ಮನೆಯೊಳಗಿನವರ ಶ್ವಾಸಕೋಶ ಉಳಿಯಲಿಲ್ಲ.

ಹಾಗಾದರೆ ಕಾನೂನು ಹೊಸ್ತಿಲು ದಾಟಲು ಸಾಧ್ಯವೇ ಇಲ್ಲವೆ? ಸಾಧ್ಯ ಎಂಬುದಕ್ಕೆ ಕರ್ನಾಟಕದ ಕರಾವಳಿಯೇ ಸಾಕ್ಷಿ. ಮಂಗಳೂರು ಸುತ್ತಮುತ್ತ ಸಾವಿರಾರು ಹೆಂಗಸರು ಮನೆಯಲ್ಲೇ ಬೀಡಿ ಕಟ್ಟುತ್ತ ಬಂದಿದ್ದಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ದುಡಿಯುವವಳೂ ಕಾರ್ಮಿಕಳೇ ಎಂದು ಒಪ್ಪಿಕೊಂಡಿತು. ಉದ್ಯಮಿಗಳು ಇದನ್ನು ಪ್ರಶ್ನಿಸಿದಾಗ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂತು. ಗುರುತಿನ ಚೀಟಿ, ಭವಿಷ್ಯ ನಿಧಿ, ಮಕ್ಕಳಿಗೆ ವಿದ್ಯಾರ್ಥಿವೇತನ ಎಂಬ ಮಾತುಗಳು ಬೀಡಿ ಕಟ್ಟುವ ಮನೆಗಳಿಗೂ ತಲುಪಿದವು. ಅಲ್ಲಿ ಎಲ್ಲವೂ ಸರಿಹೋಯಿತೆಂದಲ್ಲ. ಮನೆಯಲ್ಲಿ ಮಾಡಿದ್ದೂ ಕೆಲಸವೇ ಎಂಬ ತತ್ವ ಮಾತ್ರ ಕಾನೂನಿನ ಪುಟಕ್ಕೆ ಬಂತು.

ವಿದ್ಯುತ್ ಮಗ್ಗದ ಮನೆಗಳಿಗೆ ಸರ್ಕಾರದ ನೆರವು ಹೆಚ್ಚಾಗಿ ಯಂತ್ರದ ಮೂಲಕ ಬಂದಿದೆ, ಮನುಷ್ಯನ ಮೂಲಕ ಅಲ್ಲ. ಮಗ್ಗ ಕೊಳ್ಳಲು ಸಬ್ಸಿಡಿ, ಕರೆಂಟಿಗೆ ರಿಯಾಯತಿ, 2023ರಲ್ಲಿ 10 ಅಶ್ವಶಕ್ತಿಯ ವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ತಿನ ಘೋಷಣೆ. ಇವು ಬೇಡವೆಂದು ಯಾರೂ ಹೇಳಲಾರರು. ಆದರೆ ಬಿಲ್ಲು ಇಳಿದಷ್ಟೇ ಮಜೂರಿಯೂ ಇಳಿದರೆ ಲಾಭ ಯಾರಿಗೆ? ಮಗ್ಗಕ್ಕೆ ಮೀಟರು ಉಂಟು, ಮಗ್ಗದ ಮುಂದೆ ನಿಂತವನ ತಾಸುಗಳಿಗೆ ಮೀಟರು ಇಲ್ಲ.

ಯಂತ್ರವಂತೂ ನಿಂತ ನೀರಲ್ಲ. ಸೂರತ್ತಿನ ಗಿರಣಿಗಳಲ್ಲಿ ಲಾಳಿಯೇ ಇಲ್ಲದ ಮಗ್ಗಗಳು ನೀರಿನ ಚಿಮ್ಮುವಿಕೆಯಿಂದ, ಗಾಳಿಯ ಒತ್ತಡದಿಂದ ನಿಮಿಷಕ್ಕೆ ಐದಾರು ನೂರು ಎಳೆ ಹಾಯಿಸುತ್ತಿವೆ. ಅಲ್ಲಿಂದ ಬರುವ ಅಗ್ಗದ ಸೀರೆಯ ಮುಂದೆ ಬನಹಟ್ಟಿಯ ಪಡಸಾಲೆಯ ಮಗ್ಗ, ಹಿಂದೊಮ್ಮೆ ಕೈಮಗ್ಗ ತನ್ನ ಮುಂದೆ ನಿಂತಂತೆಯೇ, ಬಡಕಲಾಗಿ ನಿಂತಿದೆ. ಆ ಪೈಪೋಟಿಯಲ್ಲಿ ಉಳಿಯಲು ಸಣ್ಣ ನೇಕಾರನ ಕೈಯಲ್ಲಿರುವ ಉಪಾಯ ಒಂದೇ: ಇನ್ನೂ ಒಂದು ತಾಸು ಹೆಚ್ಚು ದುಡಿಯುವುದು. ಆ ತಾಸನ್ನು ಯಾರೂ ಎಣಿಸುವುದಿಲ್ಲವಾದ್ದರಿಂದ ಅದು ಬಿಟ್ಟಿಯಾಗಿಯೇ ಸಿಗುತ್ತದೆ.

2020ರ ಸಾಂಕ್ರಾಮಿಕದ ನಂತರ ಬೆಂಗಳೂರಿನ ದೊಡ್ಡ ಸಂಬಳದ ನೌಕರರೂ ಮನೆಯಲ್ಲೇ ಕಚೇರಿ ತೆರೆದರು. ಕೆಲಸ ಎಲ್ಲಿ ಮುಗಿಯುತ್ತದೆ, ಮನೆ ಎಲ್ಲಿ ಆರಂಭವಾಗುತ್ತದೆ ಎಂದು ತಿಳಿಯದೆ ಅವರೂ ದಣಿದರು. ಆ ದಣಿವನ್ನು ಅವರು ಹೊಸದೆಂದು ತಿಳಿದರು. ಮಗ್ಗದ ಓಣಿಗಳಿಗೆ ಅದು ಎಂದೋ ಹಳೆಯದಾಗಿತ್ತು.

ಎರಡು ಶತಮಾನಗಳ ಯಂತ್ರಯುಗ ಬಟ್ಟೆಯನ್ನು ಅಗ್ಗ ಮಾಡಿತು. ವರ್ಷಕ್ಕೊಂದು ಸೀರೆ ಉಡುತ್ತಿದ್ದ ಬಡವಿಗೆ ನಾಲ್ಕು ಸೀರೆ ಸಿಗುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಯಂತ್ರ ಉಳಿಸಿದ ತಾಸುಗಳು ಯಾರ ಪಾಲಿಗೆ ಹೋಗಬೇಕು ಎಂಬುದನ್ನು ಯಂತ್ರ ಎಂದೂ ತೀರ್ಮಾನಿಸಿಲ್ಲ. ಅದನ್ನು ತೀರ್ಮಾನಿಸಿದ್ದು ಲೋವೆಲ್ಲಿನ ಹುಡುಗಿಯರು, ಲೋಖಂಡೆಯವರ ಗಿರಣಿ ಕಾರ್ಮಿಕರು, ಕರಾವಳಿಯ ಬೀಡಿ ಹೆಂಗಸರು, ಮತ್ತು ಅವರ ಮಾತಿಗೆ ಕಿವಿಗೊಟ್ಟ ಕಾನೂನು. ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ಎಷ್ಟು ಜನ, ಎಷ್ಟು ತಾಸು, ಎಷ್ಟು ಮಜೂರಿಗೆ ದುಡಿಯುತ್ತಾರೆ ಎಂಬುದನ್ನು ಬಾಗಿಲು ತಟ್ಟಿ ಕೇಳಿ ಬರೆದುಕೊಳ್ಳುವ ಒಂದು ಪುಸ್ತಕ, ಅದರಲ್ಲಿ ಕಂಡಿಕೆ ಸುತ್ತುವವಳ ಹೆಸರಿಗೂ ಒಂದು ಸಾಲು. ಅಷ್ಟಾದರೂ ಆಗಬೇಕು. ಗಿರಣಿ ಮನೆಯೊಳಗೆ ಬಂದು ಬಹಳ ಕಾಲವಾಯಿತು. ಹಾಜರಿ ಪುಸ್ತಕ ಮಾತ್ರ ಇನ್ನೂ ಹೊರಗೇ ನಿಂತಿದೆ.